ಒಳಗಿಂದ ಬಾಗಲಾ ಬಡಿಯಾಂವ

ಆ ಹಿತ್ತಲ ಬಾಗಲಾ ಸುಮ್ನ ಮುಂದ ಮಾಡಿ ಬರ್ರಿ. ಚಿಲಕ ಹಾಕಬ್ಯಾಡ್ರಿ... ಹಾಂ. ಈಗ ಕುಂಡ್ರಿ.

ಇದು ಯಾರೋ ಕಟ್ಟಿದ ಕತಿ ಅಲ್ಲ. ನಮ್ಮ ಸೋದರತ್ತಿ ಮಗಳು ಸುಶ್ಮಿತಾ ಅದಾಳಲ್ಲ, ಅಕಿ ಮನ್ಯಾಗ ಆಗಿದ್ದು. ಗದಗಿನ ಮಗ್ಗಲ ಮಲ್ಲಸಮುದ್ರದಾಗ ಅಕಿ ಗಂಡನ ಮನಿ. ಗಂಡ ವೀರು, ಬೆಟಗೇರ್ಯಾಗ ಸುಟ್ಟ ಮೋಟರ್ ರಿಪೇರಿ ಮಾಡೂ ಅಂಗಡಿ ಇಟ್ಟಾನ. ಅತ್ತಿ ಕಸ್ತೂರೆವ್ವ. ಐದ ವರ್ಷದ ಮಗಳು ಅಂಕಿತಾ. ಇಷ್ಟ ಮಂದಿ.

ಆವತ್ತು ಗದಗಿನಾಗ ವಕೀಲರನ್ನ ಕಂಡು ಬರೂದ ಅಕಿಗೆ ತಡಾ ಆತು. ಬಸ್ಸು ರಸ್ತಾದ ಮ್ಯಾಲೆ ಇಳಿಸಿ ಹೋತು. ಊರಾಗ ಕರೆಂಟ್ ಇಲ್ಲ. ಮೊಬೈಲ್ ಬೆಳಕ ಹಿಡಕೊಂಡು ಒಬ್ಬಾಕಿನ ನಡಕೊಂಡ ಹೊಂಟಾಳ. ದಾರ್ಯಾಗ ಹಳೇ ಸೇದೂ ಬಾವಿ ಐತಿ. ಈಗ ಯಾರೂ ನೀರ ಸೇದೂದಿಲ್ಲ, ಮ್ಯಾಲೆ ಕಬ್ಬಣದ ಜಾಳಗಿ ಹಾಕ್ಯಾರ. ಗಾಳಿ ಬೀಸಿದ್ರ ಆ ಜಾಳಗಿ ಞಂಯ್... ಅಂತ ಸಣ್ಣಗ ಅಳತೈತಿ.

ಬಾವಿ ಕಟ್ಟಿ ಮ್ಯಾಲೆ ಯಾರೋ ಕುಂತಿದ್ರು.

"ಯಾರದು?"

"ನಾನವಾ... ಹನಮಂತವ್ವ."

ಮಗ್ಗಲ ಮನಿ ಮುದುಕಿ. ಸುಶ್ಮಿತಾಗ ಹೋದ ಜೀವ ಬಂದಂಗಾತು. "ಇಷ್ಟೊತ್ನ್ಯಾಗ ಇಲ್ಲ್ಯಾಕ ಕುಂತಿ ಬೇ?"

"ಮನ್ಯಾಗ ಕುಂಡ್ರಾಕ ಆಗವಲ್ದು. ನಿಮ್ಮ ಹಿತ್ತಲ ಬಾಗಲಾ ಯಾರೋ ಬಡಿಯಾಕತ್ತಾರ."

"ಯಾರು? ನಮ್ಮ ಹಿತ್ತಲಾಗ ಯಾರರ ಬಂದಾರೇನು?"

ಮುದುಕಿ ಅಕಿ ಮುಂಗೈ ಹಿಡಕೊಂಡ್ಲು. ಕೈ ಥಣ್ಣಗಿತ್ತು. ಕಿವಿ ಹತ್ರ ಬಾಯಿ ತಂದು ಅಂದ್ಲು.

"ಹೊರಗಿಂದಲ್ಲವಾ... ಒಳಗಿಂದ."

ಸುಶ್ಮಿತಾ ಓಡಿದ್ಲು. ಮನ್ಯಾಗ ಅತ್ತಿ ಮತ್ತ ಮಗಳು ಇಬ್ಬರ ಇದ್ರು, ಗೊತ್ತಾತಿಲ್ಲ? ವೀರು ಅಂಗಡ್ಯಾಗ. ಮುಂದಿನ ಬಾಗಲಾ ತಗದು ಒಳಗ ಹೋಗಿ ನೋಡ್ತಾಳ... ನಡುಮನ್ಯಾಗ ಇಬ್ಬರೂ ಮಲಗ್ಯಾರ. ಅತ್ತಿ ಗೊರಕಿ ಹೊಡಿಯಾಕತ್ತಾಳ. ಅಡಗಿಮನಿಗೆ ಹೋಗಿ ಹಿತ್ತಲ ಬಾಗಲಿಗೆ ಬೆಳಕ ಬಿಟ್ಲು. ಚಿಲಕ ಹಾಕಿದ್ದು ಹಾಕಿದಂಗ ಐತಿ.

ಹನಮಂತವ್ವಗ ಏನೋ ಭ್ರಮಿ ಅನಕೊಂಡು ಹಿಂದ ತಿರಗಿದ್ಲು.

ಕಿರ್ರ್... ಟಕ್.

ಚಿಲಕ ಸರದ ಸಪ್ಪಳ. ತಿರಗಿ ಬೆಳಕ ಹಿಡಿದ್ರ ಚಿಲಕ ಅಳ್ಳಾಡಿಲ್ಲ. ಹಾಕಿದಂಗ ಐತಿ. ಆದ್ರ ಬಾಗಲದ ಆಚಿ ಫರಸಿ ಮ್ಯಾಲೆ ಬರಿಗಾಲು ಓಡಿದ್ವು... ಥಪ್ ಥಪ್ ಥಪ್. ಒಂದ ಕ್ಷಣ ಏನಿಲ್ಲ. ಆಮ್ಯಾಲೆ ದಬ್! ಅಂತ ಏನೋ ಬಿತ್ತು.

ಸುಶ್ಮಿತಾ ಬಾಗಲಿಗೆ ಕಿವಿ ಹಚ್ಚಿದ್ಲು.

ಸರ್ರ್... ಸರ್ರ್... ಸರ್ರ್...

ಏನನ್ನೋ ಹೊರಗಿಂದ ಒಳಗ ಎಳಕೊಂಡ ಬರಾಕತ್ತಾರ. ಹಿಮ್ಮಡ ಫರಸಿಗೆ ತಿಕ್ಕೂ ಸಪ್ಪಳ. ಮುಚ್ಚಿದ ಬಾಗಲದಾಗಿಂದ ಹಾದು ಬಂತು ಅದು. ಹೊಸ್ತಲ ಹತ್ರ ಒಂಚೂರು ನಿಂತು... ಟೊಕ್. ಟೊಕ್. ಎರಡು ಹಿಮ್ಮಡ ಒಂದರ ಹಿಂದ ಒಂದು ಹೊಸ್ತಲ ದಾಟಿ ಒಳಗ ಬಿದ್ವು.

ಸುಶ್ಮಿತಾ ಅಲ್ಲೇ ಕುಂತಬಿಟ್ಲು. ಯಾಕಂದ್ರ ಆ ಟೊಕ್ ಟೊಕ್ ಅನ್ನೂದನ್ನ ಅಕಿ ಮೊದಲೊಮ್ಮೆ ಕೇಳಿದ್ಲು. ಅಕಿ ಮತ್ತ ಅಕಿ ಗಂಡ ಬಿಟ್ರ ಜಗತ್ತಿನಾಗ ಇನ್ಯಾರಿಗೂ ಆ ಸಪ್ಪಳ ಗೊತ್ತಿರಾಕ ಶಕ್ಯ ಇಲ್ಲ.

ಅದನ್ನ ಹೇಳ್ತೀನಿ ಕೇಳ್ರಿ.

ಅದಕ್ಕಿಂತ ಏಳೆಂಟ ತಿಂಗಳ ಹಿಂದ, ಒಂದ ರಾತ್ರಿ ಅವರ ಮನಿಗೆ ಕಳ್ಳ ಹೊಕ್ಕಿದ್ದ. ಹಿತ್ತಲ ಬಾಗಲದ ಚಿಲಕ ಉಳಿಯಿಂದ ಮೀಟಿ ಒಳಗ ಬಂದಿದ್ದ. ಕಸ್ತೂರೆವ್ವಗ ಎಚ್ಚರ ಆದಾಗ ಆಂವನ ಕೈ ಅಕಿ ಕೊಳ್ಳಾಗಿನ ಬೋರಮಾಳದ ಮ್ಯಾಲಿತ್ತು. ಮುದುಕಿ ಚೀರಿದ್ಲು. ಆಂವ ಗಾಬರ್ಯಾಗಿ ಉಳಿ ಎಳದ. ಭುಜದಿಂದ ರಟ್ಟಿತನಕ ಸೀಳಿ ರಗತ ಹರೀತು, ಮುದುಕಿ ಖಬರ ತಪ್ಪಿ ಬಿದ್ಲು. ಇದರಾಗ ಒಂದಕ್ಷರ ಸುಳ್ಳಿಲ್ಲ. ಮುದುಕಿ ಭುಜದ ಮ್ಯಾಲೆ ಗುರ್ತು ಇನ್ನೂ ಐತಿ.

ವೀರು ಎದ್ದ. ಮೂಲ್ಯಾಗ ಕಬ್ಬಣದ ಹಾರಿ ಇತ್ತು, ಎತಕೊಂಡ. ಹಾರಿ ನೋಡಿದ್ದ ತಡ, ಆ ಕಳ್ಳ ಬೋರಮಾಳ ಬಿಟ್ಟ, ಉಳೀನೂ ಬಿಟ್ಟ, ಹಿತ್ತಲಕ್ಕ ಓಡಿದ. ಸುಶ್ಮಿತಾ ಬೆಳಕ ಹಿಡಕೊಂಡು ಹಿಂದಿಂದ ಓಡಿದ್ಲು. ಅಕಿ ಕಣ್ಣಾರೆ ಕಂಡಾಳ... ಆಂವ ಕಂಪೌಂಡ್ ಗ್ವಾಡಿ ಮ್ಯಾಲೆ ಎರಡೂ ಕೈ ಇಟ್ಟು ಮ್ಯಾಲೆ ಜಿಗಿಯಾಕತ್ತಿದ್ದ. ಬೆನ್ನು ಈ ಕಡೆ. ಕೈಯಾಗ ಏನೂ ಇಲ್ಲ.

ವೀರು ಒಂದ ಹೊಡತಾ ಹೊಡದ. ಹಿಂದಲೆಗೆ.

ದಬ್!

ಬಿದ್ದವನ್ನ ನೋಡಿ ವೀರು ಹಾರಿ ಕೆಳಗ ಒಗದ. ಆಂವ ಕೆಟ್ಟ ಮನಷ್ಯಾ ಅಲ್ರಿ. ಒಂದ ಇಲಿ ಹೊಡದವನಲ್ಲ. ಅಂಗಡಿ ಮುಂದ ಚಾ ಕುಡಿಯೂ ಮಂದಿ ಮಾತಾಡಿದ್ದು ಆಂವನ ತಲ್ಯಾಗಿತ್ತು. ಪಿಸುದನ್ಯಾಗ ಅಂದ:

"ಹೊರಗ ಬಿದ್ರ ಖೂನಿ ಅಂತಾರ. ಒಳಗ ಬಿದ್ರ ಏನೂ ಆಗೂದಿಲ್ಲ. ಹಿಡಿ... ಆ ಕಡೆ ರಟ್ಟಿ ಹಿಡಿ ನೀ."

"ಬ್ಯಾಡ್ರಿ..."

"ಹಿಡಿ, ಜಲ್ದಿ!"

ಹಿಡದ್ಲು. ಇಬ್ಬರೂ ಒಂದೊಂದ ರಟ್ಟಿ ಹಿಡದು ಎಳದ್ರು. ಸರ್ರ್... ಸರ್ರ್... ಹೊಸ್ತಲ ಮ್ಯಾಲೆ ಟೊಕ್, ಟೊಕ್. ಎಳಿಯುವಾಗ ಆಂವ ಒಂದ ಸಲ "ಅಕ್ಕಾ" ಅಂದ. ವೀರು ನಾ ಕೇಳಿಲ್ಲ ಅಂತಾನ. ಸುಶ್ಮಿತಾ ಕೇಳ್ಯಾಳ.

ಪೊಲೀಸರು ಬರೂದ್ರಾಗ ಜೀವ ಹೋಗಿತ್ತು.

ಸತ್ತಾಂವ ಯಾವ ಊರಾಂವ, ಯಾರ ಮಗ, ಕಡೀತನಕ ತಿಳೀಲಿಲ್ಲ. ಮೂವತ್ತರ ಆಸುಪಾಸು ವಯಸ್ಸು. ಫೋಟೋ ಊರೂರಿಗೆ ಕಳಿಸಿದ್ರು, ಹೆಣ ಕೇಳಾಕ ಒಬ್ಬರೂ ಬರಲಿಲ್ಲ. ವೀರು ಜೇಲಿಗೆ ಹ್ವಾದ, ಕೆಲ ತಿಂಗಳ ಮ್ಯಾಲೆ ಬೇಲ್ ಸಿಕ್ತು. ಊರ ಮಂದಿ ಎಲ್ಲಾ ಆಂವನ ಕಡೆ. ತಾಯಿನ ಉಳಿಸಿಕೊಂಡಾನ, ಗಂಡಸಂದ್ರ ಇಂವ ಅಂತ ಬಂದು ಬೆನ್ನ ತಟ್ಟಿ ಹೋಗ್ತಿದ್ರು. ಬೆನ್ನ ತಟ್ಟಿದಾಗೆಲ್ಲಾ ವೀರು ಬೆಚ್ಚಿ ಬೀಳ್ತಿದ್ದ. ಮನಿಗೆ ಬಂದ ಒಂದ ವಾರಕ್ಕ, ಕೆಲಸ ಬಾಳ ಐತಿ ಅಂತ ಹೇಳಿ ರಾತ್ರಿ ಅಂಗಡ್ಯಾಗ ಮಲಗಾಕ ಸುರು ಮಾಡಿದ. ಯಾಕಂತ ಸುಶ್ಮಿತಾಗ ಆ ಬಾವಿ ರಾತ್ರಿ ತಿಳೀತು. ಆ ಸಪ್ಪಳ ಆಂವ ಮೊದಲ ಕೇಳಿದ್ದ.

ಅಲ್ಲಿಂದ ದಿನಾ ರಾತ್ರಿ ಅದ. ಕಿರ್ರ್... ಟಕ್. ಥಪ್ ಥಪ್. ದಬ್. ಸರ್ರ್... ಆಮ್ಯಾಲೆ ಒಳಗಿಂದ ಬಾಗಲಾ ಬಡಿಯೂದು. ಶಿರಹಟ್ಟಿ ಮಠದ ಅಂಗಾರ, ಅಂದ್ರ ಬೂದಿ, ತಂದು ಹೊಸ್ತಲಕ್ಕ ಹಚ್ಚಿದ್ರು. ಲಕ್ಷ್ಮೇಶ್ವರದ ದರ್ಗಾಕ್ಕ ಹೋಗಿ ತಾಯತ ತಂದು ಬಾಗಲಿಗೆ ಕಟ್ಟಿದ್ರು. ಕಟ್ಟಿದ ರಾತ್ರಿ ಬಡಿಯೂ ಸಪ್ಪಳ ಇನ್ನಷ್ಟ ಜೋರಾತು. ಆಂವ ಒಳಗ ಬರದಂಗ ತಡದಿದ್ರು ಇವರು. ಆಂವಗ ಬೇಕಾಗಿದ್ದು ಹೊರಗ ಹೋಗೂದು. ಅದು ಆಗ ಯಾರಿಗೂ ಹೊಳೀಲಿಲ್ಲ.

ಒಂದ ಮುಂಜಾನೆ ಕಸ್ತೂರೆವ್ವ ಹಾಸಗ್ಯಾಗ ಇರಲಿಲ್ಲ. ಹಿತ್ತಲ ಬಾಗಲದ ಹೊಸ್ತಲ ಹತ್ರ ಮೈಮ್ಯಾಲೆ ಖಬರ ಇಲ್ಲದ ಬಿದ್ದಿದ್ಲು. ಎರಡೂ ಹಿಮ್ಮಡ ಕೆತ್ತಿ ರಗತ ಹೆಪ್ಪುಗಟ್ಟಿತ್ತು. "ಯಾರೋ ಕೈ ಹಿಡಕೊಂಡ್ರು..." ಅಂದ್ಲು, ಅಷ್ಟ.

ಸುಶ್ಮಿತಾ ಮರುದಿನಾನ ವಕೀಲ ತಿರಕಪ್ಪನವರ ಹತ್ರ ಹೋದ್ಲು. ಅವರಿಗೆ ಎಳಕೊಂಡ ಬಂದ ಸಂಗ್ತಿ ಗೊತ್ತಿರಲಿಲ್ಲ. ಕಳ್ಳ ನಡುಮನ್ಯಾಗ ಝಟಾಪಟಿಯೊಳಗ ಬಿದ್ದ ಅಂತ ಇವರು ಹೇಳಿದ್ದನ್ನ ನಂಬಿದ್ರು.

"ಒಂದ ಮಾತ ಕೇಳ್ತೀನ್ರಿ ಸಾಹೇಬ್ರ. ಒಂದ ವ್ಯಾಳೆ ಆಂವ ಹೊರಗ ಬಿದ್ದಿದ್ರ?"

ವಕೀಲರು ಚಸ್ಮಾ ತಗದು ಮೇಜಿನ ಮ್ಯಾಲೆ ಇಟ್ರು. "ನೋಡವಾ. ರಾತ್ರಿ ಬಾಗಲಾ ಮುರದು ಮನಿ ಹೊಕ್ಕವನ್ನ ತಡ್ಯಾಕ ಮನಿಯವರಿಗೆ ಹಕ್ಕು ಐತಿ. ಜೀವದ ಅಂಜಿಕಿ ಇದ್ರ, ಹೊಡತಕ್ಕ ಆಂವ ಸತ್ರೂ ಆ ಹಕ್ಕು ಇರತೈತಿ. ಕತ್ತಲ್ದಾಗ, ಗಾಬರ್ಯಾಗ, ತಕ್ಕಡಿ ಹಿಡದು ತೂಗಿ ಹೊಡಿಬೇಕಿತ್ತು ಅಂತ ಯಾವ ಜಡ್ಜ್ ಸಾಹೇಬ್ರೂ ಅನ್ನೂದಿಲ್ಲ. ಆದ್ರ ಆಂವ ಎಲ್ಲಾ ಬಿಟ್ಟು, ಮನಿ ಬಿಟ್ಟು ಓಡಾಕತ್ತಾಗ ಹಿಂದಿಂದ ಹೊಡದ್ರ... ಅದು ರಕ್ಷಣೆ ಅಲ್ಲ, ಸಿಟ್ಟು. ಸಿಟ್ಟಿಗೆ ಕಾಯ್ದೆ ಹಕ್ಕು ಕೊಟ್ಟಿಲ್ಲ." ಅಕಿ ಮಾರಿ ನೋಡಿದ್ರು. "ಹೊರಗ ಬಿದ್ದಿದ್ದನೇನು?"

"ಇಲ್ರಿ... ಸುಮ್ನ ಕೇಳಿದೆ."

"ಇಂಥಾದ್ದ ಸುಮ್ನ ಕೇಳಬ್ಯಾಡವಾ. ನೀವು ನೋಡಿದ ಸಾಕ್ಷಿ ಅದೀರಿ. ಮುಂದಿನ ತಾರೀಖಿಗೆ ನಿಮ್ಮನ್ನ ಕರೀತಾರ."

ಮನಿಗೆ ಬಂದ್ಲು. ಆ ರಾತ್ರಿ ಮಗಳನ್ನ ಸೆರಗಿನಾಗ ಸುತಗೊಂಡು, ಸೆರಗಿನ ತುದಿ ತನ್ನ ಮುಂಗೈಗೆ ಗಂಟ ಹಾಕ್ಕೊಂಡು ಮಲಗಿದ್ಲು. ನಸಿಕಿನ್ಯಾಗ ಎಚ್ಚರ ಆತು. ಗಂಟು ಹಂಗ ಇತ್ತು. ಕೂಸು ಇರಲಿಲ್ಲ.

ಹಿತ್ತಲ ಬಾಗಲದ ಕೆಳಗ ಅಂಕಿತಾ ಮಲಗಿತ್ತು. ನಿದ್ದ್ಯಾಗ ಇತ್ತು ಕೂಸು, ನಗುಮಾರಿ. ಎತ್ತಿಕೊಂಡಾಗ ಕಾಲು ನೋಡಿದ್ಲು... ಹಿಮ್ಮಡದ ಚರ್ಮ ಸುಲದು ಕೆಂಪಗಾಗಿತ್ತು.

ಅಕಿ ಹೊತ್ತ ಕಳೀಲಿಲ್ಲ ನೋಡ್ರಿ. ಮಗಳನ್ನ ಹೊತಗೊಂಡು, ತಲಿ ಸೈತ ಹಿಕ್ಕದ, ಮೊದಲನೇ ಬಸ್ಸಿಗೆ ಬೆಟಗೇರಿ ಅಂಗಡಿಗೆ ಹೋದ್ಲು. ಶಟರ್ ಬಡದ್ಲು. ವೀರು ನಿದ್ದಿಗಣ್ಣಿನ್ಯಾಗ ಹೊರಗ ಬಂದ. ಅಕಿ ಕೂಸಿನ ಕಾಲ ತಿರಗಿಸಿ ತೋರಿಸಿದ್ಲು.

"ಖರೆ ಹೇಳಿಬಿಡೂಣು," ಅಂದ್ಲು.

"ಅವ್ವನ ಕೊಳ್ಳಿಗೆ ಕೈ ಹಾಕಿದ್ದ ಆಂವ. ಹೊಡೀದ ಏನ್ ಮಾಡ್ಲಿ ನಾ?"

"ಖರೆ. ಆದ್ರ ಬಿಟ್ಟಿದ್ದ. ಹೊಂಟಿದ್ದ."

ವೀರು ಗ್ವಾಡಿಗೆ ಬೆನ್ನ ಕೊಟ್ಟು ಕುಸದು ಕುಂತ. "ಅರ್ಧಾ ನಿಮಿಷ, ಸುಶ್ಮೀ... ಒಳಗಿಂದ ಗ್ವಾಡಿತನಕ ಅರ್ಧಾ ನಿಮಿಷ. ಅಷ್ಟಕ್ಕ ಜನ್ಮಾನ ಕೊಡ್ಲೇನು? ನಿನ್ನ ಕಾಲ ಬೀಳ್ತೀನಿ, ಹೇಳಬ್ಯಾಡ." ಗಂಡ ಖರೇನ ಕಾಲಿಗೆ ಬಗ್ಗಿದ. ಅಕಿ ಹಿಂದ ಸರದ್ಲು. ಅಳು ಬಂತು. ಹೇಳೂದಿಲ್ಲ ಅಂತ ಮಾತ ಕೊಟ್ಟ್ಲು. ಕೊಟ್ಟೇ ಮನಿಗೆ ಬಂದ್ಲು.

ಬ್ಯಾರೆ ಹಾದಿ ಹುಡಕಬೇಕು ಅನಕೊಂಡ್ಲು. ಅತ್ತಿ ಮತ್ತ ಮಗಳನ್ನ ಹನಮಂತವ್ವನ ಮನ್ಯಾಗ ಮಲಗಿಸಿದ್ಲು. ರಾತ್ರಿ ಒಬ್ಬಾಕಿನ ಅಡಗಿಮನ್ಯಾಗ ಕುಂತ್ಲು. ಹಿತ್ತಲ ಬಾಗಲಾ ಪೂರಾ ತಗದಿಟ್ಲು. ಬೆಳದಿಂಗಳ ಹೊಸ್ತಲತನಕ ಬಂದು ನಿಂತಿತ್ತು.

ಚಿಲಕ ಸರದ ಸಪ್ಪಳ ಆತು, ತಗದ ಬಾಗಲದಾಗ. ಥಪ್ ಥಪ್ ಥಪ್... ಅಕಿ ಮಗ್ಗಲಿಂದ ಗಾಳಿ ಸರದಂಗ ಆತು. ದಬ್. ಆಮ್ಯಾಲೆ ಸರ್ರ್... ಸರ್ರ್... ಟೊಕ್. ಟೊಕ್. ಅಕಿ ಕಾಲ ಹತ್ರಾನ ಬಂದು ನಿಂತಿತು. ಯಾರೋ ತೇಕಾಕತ್ತಿದ್ರು. ಏನೂ ಕಾಣೂದಿಲ್ಲ. ಬರೇ ತೇಕು.

"ಯಾಕಪಾ..." ಅಂದ್ಲು. "ನನ್ನ ಮಗಳನ್ನ ಬಿಡು."

ಆಮ್ಯಾಲೆ ನೆಲದ ಮಟ್ಟದಿಂದ ದನಿ ಬಂತು. ನೀರ ಆರಿದ ಬಾಯಿಂದ ಬಂದಂಗ ದನಿ.

"ಅಕ್ಕಾ... ಯಾರದಾರ ಕೈ ಹಿಡಕೊಂಡ್ರ ಹೊರಗ ಹೋಗಾಕ ಬರತೈತೇನೋ ಅಂತ ಹಿಡದೆ. ನನ್ನ ಎಳಿಯೂ ಕೈ ಅವರನ್ನೂ ನನ್ನ ಜೋಡಿ ಒಳಗ ಎಳದ್ವು."

"ಬಾಗಲಾ ತಗದೇನಿ. ಹೋಗು."

"ಹೋಗಿದ್ನಲ್ಲಕ್ಕಾ..." ಅಂತು ಅದು. "ನಾ ಹೋಗಿದ್ದೆ. ಗ್ವಾಡಿ ಮ್ಯಾಲೆ ಕೈ ಇಟ್ಟಿದ್ದೆ. ನೀವ ಒಳಗ ತಂದ್ರಿ."

ಸುಶ್ಮಿತಾ ಬಾಯಾಗ ಸೆರಗ ತುರಕೊಂಡ್ಲು. ಆಮ್ಯಾಲೆ ಏನ ಮಾಡಿದ್ಲು ಗೊತ್ತೇನು? ಬಗ್ಗಿ ಕತ್ತಲ್ದಾಗ ತಡಕ್ಯಾಡಿದ್ಲು. ಕೈಗೆ ರಟ್ಟಿ ಸಿಕ್ತು. ಥಣ್ಣಗ, ತೂಕ ಇದ್ದ ರಟ್ಟಿ. ಎರಡೂ ಕೈಲೆ ಹಿಡದು ಹೊರಗ ಎಳದ್ಲು. ಹಲ್ಲ ಕಚ್ಚಿ, ಕಾಲ ಒತ್ತಿ, ಹೊಸ್ತಲ ದಾಟಿಸಿ, ಫರಸಿ ಮ್ಯಾಲೆ, ಗ್ವಾಡಿ ಬುಡಕ್ಕ. ಅಲ್ಲಿ ಬಿಟ್ಟು, "ಹೋಗಪಾ, ಇಲ್ಲೇ ಬಿದ್ದಿದ್ದಿ, ಹೋಗು" ಅಂತ ಕೈ ಮುಗದ್ಲು.

ಅಕಿ ಕಣ್ಣ ಮುಂದನ ಧೂಳದಾಗ ಎರಡ ಗೆರಿ ಮೂಡಿದ್ವು. ಗ್ವಾಡಿಯಿಂದ ಬಾಗಲಕಡೆ. ಸರ್ರ್... ಸರ್ರ್... ಯಾರೂ ಎಳಿಯೂದಿಲ್ಲ, ಗೆರಿ ಮಾತ್ರ ಉದ್ದ ಆಗ್ಕೋತ ಹೋದ್ವು. ಟೊಕ್. ಟೊಕ್.

"ಹಿಂಗಲ್ಲಕ್ಕಾ," ಅಂತು ಒಳಗಿಂದ. "ಮಂದಿ ಎಲ್ಲಾ ನಾ ಒಳಗ ಬಿದ್ದೆ ಅಂತಾರ. ಹೊರಗ ಇದ್ದೆ ಅಂತ ಹೇಳು."

ಮುಂದಿನ ತಾರೀಖು ಬಂತು. ಗದಗ ಕೋರ್ಟಿನ್ಯಾಗ ಅಕಿನ್ನ ಕಟಕಟಿಗೆ ಕರದ್ರು. ವೀರು ಎದುರಿಗೆ ಕುಂತಿದ್ದ, ದಾಡಿ ಬಿಟ್ಟಿದ್ದ, ಅಕಿನ್ನ ಬಿಟ್ಟು ಬ್ಯಾರೆ ಎಲ್ಲಾ ಕಡೆ ನೋಡ್ತಿದ್ದ. ಸರ್ಕಾರಿ ವಕೀಲರು ಕೇಳಿದ್ರು, ಆಂವ ಎಲ್ಲಿ ಬಿದ್ದ?

ನಡುಮನ್ಯಾಗ ಅನ್ನಬೇಕಿತ್ತು. ಅಷ್ಟ ಅನ್ನಬೇಕಿತ್ತು ಅಕಿ. ಬಾಯಿ ತಗದ್ಲು. ಗಂಡನ ಮಾರಿ ನೋಡಿದ್ಲು. ಮಗಳ ಹಿಮ್ಮಡ ನೆನಪಾತು.

"ಹೊರಗ್ರಿ," ಅಂದ್ಲು. "ಹಿತ್ತಲಾಗ, ಗ್ವಾಡಿ ಬುಡಕ್ಕ. ಹೊಂಟಿದ್ದ ಆಂವ. ನಾವ ಇಬ್ಬರೂ ಕೂಡಿ ಒಳಗ ಎಳಕೊಂಡ್ವಿ."

ತಿರಕಪ್ಪ ವಕೀಲರು ಕೈಯಾಗಿನ ಕಾಗದ ಕೆಳಗಿಟ್ರು. ವೀರು ಎರಡೂ ಕೈಲೆ ಮಾರಿ ಮುಚಗೊಂಡ. ಸಿಟ್ಟಾದ್ನೋ, ಹಗರಾದ್ನೋ, ಇವತ್ತಿಗೂ ಸುಶ್ಮಿತಾಗ ಗೊತ್ತಿಲ್ಲ.

ಆಂವಗ ಶಿಕ್ಷಾ ಆತು. ಖೂನಿ ಅಂತಲ್ಲ, ಇದ್ದ ಹಕ್ಕು ಮೀರಿ ಹೊಡದದ್ದಕ್ಕ. ಒಳಗ ಹೊಡದಿದ್ರ ಇವತ್ತು ಮನ್ಯಾಗ ಇರ್ತಿದ್ದ. ಬಿದ್ದವನ್ನ ಸರಿಸಿ ಸುಳ್ಳ ಹೇಳಿದ್ದಕ್ಕ ಸುಶ್ಮಿತಾನ ಮ್ಯಾಲೂ ಕೇಸ್ ಆತು, ಅದು ಇನ್ನೂ ನಡದೈತಿ. ಊರ ಮಂದಿ ಅಕಿ ಜೋಡಿ ಮಾತ ಬಿಟ್ಟಾರ, ಗಂಡನ್ನ ಜೇಲಿಗೆ ಹಾಕಿದಾಕಿ ಅಂತಾರ. ಕಸ್ತೂರೆವ್ವ ಅಕಿ ಕೈಲೆ ನೀರ ಸೈತ ಇಸಕೊಳ್ಳೂದಿಲ್ಲ, ಆದ್ರ ಮನಿ ಬಿಟ್ಟು ಹೋಗಂತನೂ ಅಂದಿಲ್ಲ. ತಿಂಗಳಿಗೊಮ್ಮೆ ಅಕಿ ಜೇಲಿಗೆ ಹೋಗ್ತಾಳ. ವೀರು ಕೆಲವೊಮ್ಮೆ ಭೆಟ್ಟಿಗೆ ಬರ್ತಾನ, ಕೆಲವೊಮ್ಮೆ ಬರೂದಿಲ್ಲ. ಮನ್ಯಾಗ ಮಾತ್ರ ಆವತ್ತಿನಿಂದ ಏನೂ ಸಪ್ಪಳ ಇಲ್ಲ. ಒಂದ ರಾತ್ರೀನೂ ಇಲ್ಲ.

ಖರೆ ಸುಳ್ಳ ಅನ್ನಾಕ ನೀವು ಏನ್ ಬೇಕಾದ್ರೂ ಅನ್ರಿ. ಆದ್ರ ಆವತ್ತು ಅಕಿ ಜೋಡಿ ಕೋರ್ಟಿಗೆ ಹೋಗಿದ್ದು ನಾನ. ಇದನ್ನ ನನ್ನ ಕಿವೀಲೆ ಕೇಳೇನಿ. ಸಾಕ್ಷಿ ಹೇಳಿ ಹೊರಗ ಬಂದು, ಅಕಿ ಪಾವಟಿಗಿ ಮ್ಯಾಲೆ ಕುಂತಾಗ, ಹೆಸರ ಕೂಗೂ ಪಟ್ಟೇವಾಲಾ ಒಂದ ಗಿಲಾಸ ನೀರ ತಂದು ಕೊಟ್ಟ. ಕೊಟ್ಟು ಅಂದ:

"ನಿಮ್ಮ ತಮ್ಮ ಮುಂದ ಹ್ವಾದ್ನಲ್ರಿ ಯವ್ವಾ."

"ಯಾವ ತಮ್ಮ? ನನಗ ತಮ್ಮಂದಿರ ಇಲ್ಲ."

"ನೀವು ಕಟಕಟ್ಯಾಗ ನಿಂತಾಗ ನಿಮ್ಮ ಹಿಂದನ ನಿಂತಿದ್ನಲ್ರಿ? ನಿಮ್ಮ ಮಾತ ಮುಗದ ಕೂಡ್ಲೆ ಹೊರಗ ಬಂದ. ಮುಂಡರಗಿ ಬಸ್ಸು ಎಲ್ಲಿ ನಿಂದರತೈತಿ ಅಂತ ಕೇಳಿದ. ಸ್ಟ್ಯಾಂಡಿನ ಹಾದಿ ತೋರಿಸಿದೆ."

ಆ ಪಟ್ಟೇವಾಲಾ ಇನ್ನೂ ನೌಕರಿ ಮ್ಯಾಲೆ ಅದಾನ. ಬೇಕಾದ್ರ ನಾಳೆ ಹೋಗಿ ಕೇಳ್ರಿ... ಮುಂಡರಗಿ ಬಸ್ಸ ಕೇಳಿದ ಅಂತಾನ, ಅಷ್ಟ.